ಮಳೆಗಾಗಿ ದುಆ, ಮಳೆನೀರಿಗೆ ಚರಂಡಿ

ಬರ ಬಂದಾಗಲೆಲ್ಲ ನಾವು ಈದ್ಗಾದಲ್ಲಿ ನೆರೆದು ಮಳೆಗಾಗಿ ನಮಾಝ್ ನಿರ್ವಹಿಸುತ್ತೇವೆ. ಅದು ಸುನ್ನತ್, ಸಂಶಯವಿಲ್ಲ. ಆದರೆ ಕಳೆದ ಮಳೆಗಾಲದಲ್ಲಿ ಅಲ್ಲಾಹನು ಸುರಿಸಿದ ಮಳೆಯನ್ನು ನಾವೇನು ಮಾಡಿದೆವು?

2023ರಲ್ಲಿ ರಾಜ್ಯದ 236 ತಾಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದವು. ವರ್ಷಕ್ಕೆ 3,000 ಮಿಲಿಮೀಟರಿಗೂ ಅಧಿಕ ಮಳೆ ಬೀಳುವ ಕರಾವಳಿಯ ಮಂಗಳೂರಿನಲ್ಲೇ 2016, 2019 ಮತ್ತು 2023ರ ಬೇಸಿಗೆಗಳಲ್ಲಿ ಸರದಿಯಂತೆ ನೀರು ಬಿಡಬೇಕಾಯಿತು. ಅಲ್ಲಿನ ಮಸೀದಿಯೊಂದರ 200 ಚದರ ಮೀಟರ್ ಛಾವಣಿಯ ಮೇಲೆ ವರ್ಷಕ್ಕೆ ಬೀಳುವ ನೀರು ಆರು ಲಕ್ಷ ಲೀಟರ್! ಮಿನಾರಕ್ಕೆ ಚಂದಾ ಎತ್ತುವ ಆಡಳಿತ ಸಮಿತಿಗಳಿಗೆ ಆ ನೀರನ್ನು ಬಾವಿಗಿಳಿಸುವ ಒಂದು ಕೊಳವೆ ಮಾತ್ರ ದುಬಾರಿ.

ಪ್ರವಾದಿ(ಸ)ಯವರು ಒಂದು ಮುದ್ದ್, ಅಂದರೆ ಲೀಟರಿನ ಆಸುಪಾಸಿನ ನೀರಿನಲ್ಲಿ ವುಝೂ ಮಾಡುತ್ತಿದ್ದರು. ನಮ್ಮ ನಳ್ಳಿಗಳು ಮಾತು ಮುಗಿಯುವವರೆಗೂ ಹರಿಯುತ್ತವೆ.

ಅನ್ನದ ಕಥೆಯೂ ಭಿನ್ನವಲ್ಲ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ಪ್ರಕಾರ 2022ರಲ್ಲಿ ಜಗತ್ತು ಪೋಲು ಮಾಡಿದ ಆಹಾರ 105 ಕೋಟಿ ಟನ್. ಅದರಲ್ಲಿ ಶೇ. 60ರಷ್ಟು ಮನೆಗಳದ್ದು. ವಲೀಮಾದ ಮರುದಿನ ಸಭಾಂಗಣದ ಹಿಂಬದಿಯಲ್ಲಿ ನಾಯಿಗಳು ಎಳೆದಾಡುವ ಬಿರಿಯಾನಿ ಈ ಲೆಕ್ಕದಲ್ಲಿ ನಮ್ಮ ಪಾಲು.

'ಇದೆಲ್ಲ ಸರಕಾರದ ಕೆಲಸ' ಎನ್ನುವವರಿದ್ದಾರೆ. ಸರಕಾರವನ್ನು ಪ್ರಶ್ನಿಸೋಣ, ಪ್ರಶ್ನಿಸಲೇಬೇಕು. ಆದರೆ ನಳ್ಳಿ ಬತ್ತಿದ ದಿನ ಉಳ್ಳವನು ಟ್ಯಾಂಕರ್ ತರಿಸುತ್ತಾನೆ. ಬಾಡಿಗೆ ಮನೆಯ ವಿಧವೆ ಕೊಡ ಹಿಡಿದು ನಿಲ್ಲುತ್ತಾಳೆ. ಆಕೆ ನಮ್ಮ ಜಮಾಅತಿನವಳಲ್ಲವೇ? ಮದೀನಾದಲ್ಲಿ ನೀರಿನ ಅಭಾವವಿದ್ದಾಗ ಹಝ್ರತ್ ಉಸ್ಮಾನ್(ರ) ರೂಮಾ ಬಾವಿಯನ್ನು ಸ್ವಂತ ಹಣದಿಂದ ಖರೀದಿಸಿ ಸರ್ವರಿಗೂ ಮುಕ್ತಗೊಳಿಸಿದರು.

ಪ್ರವಾದಿ ಯೂಸುಫ್(ಅ)ರ ಚರಿತ್ರೆಯನ್ನು ಸುಂದರ ಕಥೆಯೆಂದು ಕೇಳಿ ಮುಗಿಸುತ್ತೇವೆ. ಅವರು ದೊರೆಯ ಕನಸಿಗೆ ಅರ್ಥ ಹೇಳಿ ಸುಮ್ಮನಾಗಲಿಲ್ಲ. ಸಮೃದ್ಧಿಯ ಏಳು ವರ್ಷಗಳಲ್ಲಿ ಹಿತಮಿತವಾಗಿ ಉಂಡು, ಉಳಿದ ಧಾನ್ಯವನ್ನು ತೆನೆಯಲ್ಲೇ ಕಾಪಿಡುವ ಉಪಾಯ ತಿಳಿಸಿದರು. ಕಣಜಗಳ ಹೊಣೆಯನ್ನು ತಾವೇ ಕೇಳಿ ಪಡೆದರು. ತವಕ್ಕುಲ್ ಎಂದರೆ ಕೈಕಟ್ಟಿ ಕೂರುವುದಲ್ಲವೆಂಬುದಕ್ಕೆ ಇದಕ್ಕಿಂತ ಪುರಾವೆ ಬೇಕೇ?

ಆದ್ದರಿಂದ ಮುಂದಿನ ಜಮಾಅತ್ ಮಹಾಸಭೆಯಲ್ಲಿ ಮೂರು ನಿರ್ಣಯಗಳಾಗಲಿ: ಮುಂಗಾರಿಗೆ ಮುನ್ನ ಮಸೀದಿಯ ಛಾವಣಿಯ ನೀರು ಬಾವಿಗಿಳಿಯಬೇಕು, ವುಝೂವಿನ ನಳ್ಳಿಗಳಿಗೆ ಮಿತಿ ಬೇಕು, ವಲೀಮಾದಲ್ಲಿ ಉಳಿದ ಊಟ ಅದೇ ದಿನ, ಬಿಸಿಯಿರುವಾಗಲೇ, ಹಸಿದವರ ಮನೆ ಸೇರಬೇಕು. ಖತೀಬರು ಮಿಂಬರಿನಿಂದ ಇದನ್ನು ಸಾರಲಿ. ಇಷ್ಟನ್ನೂ ಮಾಡದವರು ಮಳೆಗಾಗಿ ಕೈಯೆತ್ತುವಾಗ ತುಸು ನಾಚಬೇಕಾಗುತ್ತದೆ.