ತಿಳಿವಳಿಕೆ ಮೊದಲು, ನೋಟೀಸು ಆಮೇಲೆ

ಭದ್ರಾನದಿಯ ದಂಡೆಯಲ್ಲಿ 1923ರ ಜನವರಿಯಲ್ಲಿ ಕಬ್ಬಿಣದ ಕುಲುಮೆಯು ಹೊತ್ತಿಕೊಂಡಾಗ ಮೈಸೂರು ಸಂಸ್ಥಾನದ ಔದ್ಯೋಗಿಕ ಜೀವನದಲ್ಲಿ ಹೊಸದೊಂದು ಅಧ್ಯಾಯವು ಆರಂಭವಾಯಿತು. 1936ರಲ್ಲಿ ಕಾಗದದ ಕಾರ್ಖಾನೆಯ ಕಂಪೆನಿಯೂ ಸ್ಥಾಪಿತವಾಗಿ, ಭದ್ರಾವತಿಯೆಂದರೆ ಉದ್ಯೋಗವೆಂಬ ಭಾವನೆಯು ನಾಡಿನಲ್ಲೆಲ್ಲ ನೆಲೆಗೊಂಡಿತು. ಆ ಕಾಗದದ ಯಂತ್ರಗಳು 2015ರಲ್ಲಿ ನಿಂತುಹೋದುದನ್ನೂ, 2023ರ ಜನವರಿಯಲ್ಲಿ ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರವು ಹೊರಬಿದ್ದು ಗುತ್ತಿಗೆಯ ಕಾರ್ಮಿಕರು ಧರಣಿ ಕುಳಿತುದನ್ನೂ ವಾಚಕರು ಮರೆತಿರಲಾರರು. ಆ ಕಾರ್ಖಾನೆಗಳ ಭವಿಷ್ಯದ ಚರ್ಚೆಯು ಬೇರೆಯ ಮಾತು. ಅವುಗಳ ಗೋಡೆಯ ಹೊರಗೆ ತಮ್ಮ ಕೈಯನ್ನೇ ನಂಬಿ ನಿಂತಿರುವವರ ವಿಷಯವಾಗಿ ನಾವು ಇಂದು ಎರಡು ಮಾತು ಬರೆಯಬೇಕಾಗಿದೆ.

ಯಂತ್ರವು ನಿಂತರೂ ಕೈಗೆ ಹತ್ತಿದ ವಿದ್ಯೆಯು ನಿಲ್ಲುವುದಿಲ್ಲ. ಲೇತು ತಿರುಗಿಸುವವರು, ಬೆಸುಗೆ ಹಾಕುವವರು, ಮೋಟಾರು ರಿಪೇರಿ ಮಾಡುವವರು ಭದ್ರಾವತಿಯ ಬೀದಿಗಳಲ್ಲಿ ಸ್ವಂತ ಅಂಗಡಿಗಳನ್ನಿಟ್ಟಿದ್ದಾರೆ. ಶಿವಮೊಗ್ಗೆಯ ಗಾಂಧಿ ಬಜಾರಿನಲ್ಲಿ ಸಣ್ಣ ವರ್ತಕರಿದ್ದಾರೆ. ಮನೆಯಲ್ಲಿಯೇ ಹಪ್ಪಳ, ಸಂಡಿಗೆ, ಅಪ್ಪೆಮಿಡಿಯ ಉಪ್ಪಿನಕಾಯಿಗಳನ್ನು ಮಾಡಿ ಸಂಸಾರವನ್ನು ನಡೆಸುವ ಗೃಹಿಣಿಯರಿದ್ದಾರೆ. ದೊಡ್ಡ ಕಾರ್ಖಾನೆಯಲ್ಲಿ ದುಡಿಯುವವನಿಗೆ ತನ್ನ ಕೆಲಸವೊಂದನ್ನು ಮಾಡಿದರೆ ಸಾಕಾಗಿತ್ತು. ಲೆಕ್ಕಪತ್ರ, ತೆರಿಗೆ, ಮಾರಾಟಗಳನ್ನು ನೋಡಿಕೊಳ್ಳಲು ಬೇರೆ ಬೇರೆ ಕಚೇರಿಗಳಿದ್ದವು. ಅದೇ ಮನುಷ್ಯನು ಸ್ವಂತ ಅಂಗಡಿ ತೆರೆದ ದಿನವೇ ಕೆಲಸಗಾರನೂ, ಗುಮಾಸ್ತನೂ, ಮಾರಾಟಗಾರನೂ, ಖಜಾಂಚಿಯೂ ಆಗಬೇಕಾಗುತ್ತದೆ. ಮೊದಲನೆಯ ವಿದ್ಯೆಯನ್ನು ಅವನಿಗೆ ಕಾರ್ಖಾನೆಯು ಕಲಿಸಿದೆ. ಉಳಿದ ಮೂರನ್ನು ಕಲಿಸಿದವರಾರು?

ಈ ಪ್ರಶ್ನೆಯನ್ನು ಕೇಳದೆ ಹೋದುದರ ಫಲವನ್ನು ರಾಜ್ಯವು 2025ರ ಜುಲೈ ತಿಂಗಳಲ್ಲಿ ಕಂಡಿತು. ಫೋನಿನ ಮೂಲಕ ಸಂದಾಯವಾದ ಹಣದ ಅಂಕಿಗಳನ್ನು ಆಧಾರವಾಗಿಟ್ಟುಕೊಂಡು ವಾಣಿಜ್ಯ ತೆರಿಗೆ ಇಲಾಖೆಯವರು ಸಹಸ್ರಾರು ಸಣ್ಣ ವರ್ತಕರಿಗೆ ನೋಟೀಸು ಕಳುಹಿದರು. ಹಿಂದಿನ ನಾಲ್ಕು ವರ್ಷಗಳ ಲೆಕ್ಕವನ್ನು ಒಮ್ಮೆಗೇ ಕೇಳಿದುದರಿಂದ ಕಂಗೆಟ್ಟ ವರ್ತಕರಲ್ಲಿ ಅನೇಕರು ಅಂಗಡಿಯ ಮುಂದಿನ ಕ್ಯೂಆರ್ ಫಲಕವನ್ನೇ ಕಿತ್ತು, ನಗದು ಮಾತ್ರ ಎಂದು ಬರೆದು ಹಾಕಿದರು. ಕೊನೆಗೆ ಮುಖ್ಯಮಂತ್ರಿಗಳೇ ವರ್ತಕರ ಪ್ರತಿನಿಧಿಗಳನ್ನು ಕರೆದು, ಹಳೆಯ ಬಾಕಿಯನ್ನು ವಸೂಲು ಮಾಡುವುದಿಲ್ಲವೆಂದೂ, ಆದರೆ ಎಲ್ಲರೂ ನೋಂದಣಿ ಮಾಡಿಸಿಕೊಳ್ಳಬೇಕೆಂದೂ ಹೇಳಬೇಕಾಯಿತು. ಇಲಾಖೆಯವರು ತಿಳಿವಳಿಕೆಯ ಸಭೆಗಳನ್ನು ನಡೆಸಿದುದೂ ಈ ಗದ್ದಲವೆದ್ದ ಬಳಿಕವೇ. ಮೊದಲು ಆಗಬೇಕಾದುದು ಕೊನೆಗೆ ಆಯಿತು.

ಕಾನೂನು ನಿಜವಾಗಿ ಹೇಳುವುದಾದರೂ ಏನು? 2017ರ ಜುಲೈ 1ರಿಂದ ಜಾರಿಗೆ ಬಂದ ಸರಕು ಮತ್ತು ಸೇವಾ ತೆರಿಗೆಯಲ್ಲಿ, ನಮ್ಮ ರಾಜ್ಯದೊಳಗೆ ಸರಕನ್ನು ಮಾತ್ರ ಮಾರುವವನಿಗೆ ಸಾಮಾನ್ಯವಾಗಿ ವರ್ಷಕ್ಕೆ 40 ಲಕ್ಷ ರೂಪಾಯಿಗಳ ವಹಿವಾಟಿನವರೆಗೆ, ಸೇವೆ ಒದಗಿಸುವವನಿಗೆ 20 ಲಕ್ಷದವರೆಗೆ ನೋಂದಣಿಯ ಕಡ್ಡಾಯವಿಲ್ಲ. ತಾಜಾ ತರಕಾರಿ, ಹೂವು, ಹಾಲುಗಳಂಥ ಕರಮುಕ್ತ ವಸ್ತುಗಳನ್ನು ಮಾತ್ರವೇ ಮಾರುವವನು ಎಷ್ಟು ಮಾರಿದರೂ ನೋಂದಣಿಯ ಬಾಧೆಯಿಲ್ಲ. ಮಿತಿಯನ್ನು ದಾಟಿದ ಸಣ್ಣ ತಯಾರಕನಿಗೂ ವರ್ತಕನಿಗೂ ಒಂದೂವರೆ ಕೋಟಿ ರೂಪಾಯಿಗಳ ವಹಿವಾಟಿನವರೆಗೆ ರಾಜಿ ತೆರಿಗೆಯ ಪದ್ಧತಿಯುಂಟು: ವಹಿವಾಟಿನ ಮೇಲೆ ನೂರಕ್ಕೆ ಒಂದರಂತೆ ಮೂರು ತಿಂಗಳಿಗೊಮ್ಮೆ ಹಣ ಕಟ್ಟಿ, ವರ್ಷಕ್ಕೊಮ್ಮೆ ಲೆಕ್ಕ ಒಪ್ಪಿಸಿದರೆ ಮುಗಿಯಿತು. ಇದನ್ನು ಗಿರಾಕಿಯಿಂದ ಬೇರೆಯಾಗಿ ವಸೂಲು ಮಾಡುವಂತಿಲ್ಲವೆಂಬುದು ನಿಜ. ಆದರೂ ಭಯಪಡತಕ್ಕ ಭಾರವಲ್ಲ. ಭಯವು ಹುಟ್ಟಿದುದು ತೆರಿಗೆಯಿಂದಲ್ಲ, ಅಜ್ಞಾನದಿಂದ.

ನೋಂದಣಿಯೆಂದರೆ ಕೊಡುವುದು ಮಾತ್ರವೆಂದು ಭಾವಿಸುವವರು ಉದ್ಯಮ್ ನೋಂದಣಿಯ ಕಡೆಗೆ ದೃಷ್ಟಿ ಹರಿಸಬೇಕು. 2020ರ ಜುಲೈ 1ರಂದು ಆರಂಭವಾದ ಈ ಏರ್ಪಾಡಿನಲ್ಲಿ ಒಂದು ಕಾಸಿನ ಶುಲ್ಕವೂ ಇಲ್ಲ. ಹೀಗೆ ನೋಂದಣಿಯಾದ ಸಣ್ಣ ತಯಾರಕನ ಸರಕನ್ನು ಕೊಂಡವನು, ಬರಹದ ಒಪ್ಪಂದವಿದ್ದರೂ, 45 ದಿನಗಳೊಳಗೆ ಹಣ ಸಲ್ಲಿಸಲೇಬೇಕೆಂದು 2006ರ ಶಾಸನವು ವಿಧಿಸಿದೆ. ತಡಮಾಡಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರರಷ್ಟು ಚಕ್ರಬಡ್ಡಿಯನ್ನು ತೆರಬೇಕು. ಮಾಚೇನಹಳ್ಳಿಯ ಕೈಗಾರಿಕಾ ಪ್ರದೇಶದಲ್ಲಾಗಲಿ ಭದ್ರಾವತಿಯಲ್ಲಾಗಲಿ ದೊಡ್ಡವರಿಗೆ ಬಿಡಿಭಾಗಗಳನ್ನು ಮಾಡಿಕೊಟ್ಟು ಹಣಕ್ಕಾಗಿ ತಿಂಗಳುಗಟ್ಟಲೆ ಬಾಗಿಲು ಕಾಯುವವನಿಗೆ ಇದಕ್ಕಿಂತ ಬಲವಾದ ಆಯುಧವು ಬೇರೆ ಯಾವುದು? ಕೇವಲ ಕೊಂಡು ಮಾರುವ ವರ್ತಕನಿಗೆ ಈ ರಕ್ಷಣೆಯಿಲ್ಲ. ಆದರೆ ಅವನಿಗೂ 2021ರಿಂದ ಬ್ಯಾಂಕಿನ ಆದ್ಯತೆಯ ಸಾಲಕ್ಕಾಗಿ ಉದ್ಯಮ್ ನೋಂದಣಿಯ ಬಾಗಿಲು ತೆರೆದಿದೆ. ಹೆಸರು ಕಡತದಲ್ಲಿಲ್ಲದವನಿಗೆ ಕಾನೂನು ಕಣ್ಣೆದುರಿಗಿದ್ದರೂ ಕೈಗೆಟುಕದು.

ಮಾರುಕಟ್ಟೆಯೂ ಇಂದು ಬೀದಿಯನ್ನು ದಾಟಿ ಅಂತರ್ಜಾಲಕ್ಕೆ ಏರಿದೆ. ಶಿವಮೊಗ್ಗೆಯ ಗೃಹಿಣಿಯು ಮಾಡಿದ ಉಪ್ಪಿನಕಾಯಿಯ ಚಿತ್ರವನ್ನು ಚೆನ್ನೈಯಲ್ಲಿರುವವರು ಫೋನಿನಲ್ಲಿ ಕಂಡು ಬೇಡಿಕೆ ಕಳುಹುವುದು ಈಗ ಆಶ್ಚರ್ಯದ ಸಂಗತಿಯಲ್ಲ. ಆದರೆ ಚಿತ್ರ ತೆಗೆಯುವುದನ್ನೂ ಜಾಹೀರಾತು ಹಾಕುವುದನ್ನೂ ಕಲಿಸುವವರು, ಅದರ ಬೆನ್ನಿಗೇ ಬರುವ ಕರ್ತವ್ಯಗಳನ್ನೂ ಕಲಿಸಬೇಕಷ್ಟೆ. ಆಹಾರ ಪದಾರ್ಥವನ್ನು ಮಾಡಿ ಮಾರುವವರು ಆಹಾರ ಸುರಕ್ಷತಾ ನೋಂದಣಿಯನ್ನು ಪಡೆಯಬೇಕು. ಕರವಿರುವ ಸರಕನ್ನು ಹೊರರಾಜ್ಯಕ್ಕೆ ಮಾರುವವರು, ಕೆಲವು ಕರಕುಶಲ ವಸ್ತುಗಳ ವಿನಾಯಿತಿಯನ್ನು ಬಿಟ್ಟರೆ, ವಹಿವಾಟು ಎಷ್ಟೇ ಕಡಿಮೆಯಿರಲಿ ಜಿಎಸ್‌ಟಿ ನೋಂದಣಿ ಮಾಡಿಸಬೇಕು. ಅಂಥವರಿಗೆ 40 ಲಕ್ಷದ ಮಿತಿಯೂ ಇಲ್ಲ, ರಾಜಿ ತೆರಿಗೆಯ ಸೌಕರ್ಯವೂ ಇಲ್ಲ. ಇದನ್ನು ತಿಳಿಸದೆ ಆಕೆಯನ್ನು ದೂರದ ಪೇಟೆಗೆ ಕಳುಹಿಸುವುದು, ಈಜು ಕಲಿಸದೆ ಹೊಳೆಗೆ ಇಳಿಸಿದಂತೆಯೇ ಸರಿ.

ನಮ್ಮ ವರ್ತಕ ಬಂಧುಗಳಿಗೂ ಒಂದು ಮಾತನ್ನು ನಿಷ್ಠುರವಾಗಿಯೇ ಹೇಳಬೇಕಾಗಿದೆ. ಕ್ಯೂಆರ್ ಫಲಕವನ್ನು ಕಿತ್ತುಹಾಕುವುದು ಪರಿಹಾರವಲ್ಲ. ಲೆಕ್ಕವಿಲ್ಲದ ವ್ಯಾಪಾರವು ತೆರಿಗೆಯಿಂದ ತಪ್ಪಿಸಿಕೊಂಡಂತೆ ಕಂಡರೂ ಬ್ಯಾಂಕಿನ ಸಾಲದಿಂದಲೂ ನ್ಯಾಯದಿಂದಲೂ ತಪ್ಪಿಹೋಗುತ್ತದೆ. ಮನೆಯ ಖರ್ಚಿಗೂ ಅಂಗಡಿಯ ವಹಿವಾಟಿಗೂ ಒಂದೇ ಖಾತೆಯನ್ನಿಟ್ಟುಕೊಂಡವನು, ನೆಂಟರು ಕಳುಹಿದ ಕೈಸಾಲವೂ ವ್ಯಾಪಾರದ ಹಣವೆಂದು ಎಣಿಕೆಯಾದಾಗ ಯಾರನ್ನು ದೂರಬೇಕು? ದಿನಕ್ಕೊಂದು ಪುಟದ ರೋಜುಪುಸ್ತಕವು ಅಧಿಕಾರಿಗಳ ಅನುಕೂಲಕ್ಕಾಗಿ ಇರುವುದಲ್ಲ. ಅದು ವರ್ತಕನ ಕವಚ.

ಇನ್ನು ಅಧಿಕಾರಿಗಳಲ್ಲಿ ನಮ್ಮ ಪ್ರಾರ್ಥನೆ. ಶಿವಮೊಗ್ಗೆಯ ಮಹಾನಗರಪಾಲಿಕೆಯಲ್ಲಿಯೂ ಭದ್ರಾವತಿಯ ನಗರಸಭೆಯಲ್ಲಿಯೂ ವಾರಕ್ಕೆ ಒಂದು ದಿನವಾದರೂ ಜಿಲ್ಲಾ ಕೈಗಾರಿಕಾ ಕೇಂದ್ರ, ವಾಣಿಜ್ಯ ತೆರಿಗೆ, ಆಹಾರ ಸುರಕ್ಷತೆ ಮತ್ತು ಬ್ಯಾಂಕು ಇವುಗಳ ಪ್ರತಿನಿಧಿಗಳು ಒಂದೇ ಮೇಜಿನ ಬಳಿ ಕುಳಿತು, ಕನ್ನಡದಲ್ಲಿ ವಿವರಿಸಿ, ಅಲ್ಲಿಯೇ ಅರ್ಜಿಗಳನ್ನು ತುಂಬಿಸಿಕೊಡಲಿ. ಎರಡು ಊರುಗಳ ಕಾಲೇಜುಗಳಲ್ಲಿ ವಾಣಿಜ್ಯ ಶಾಸ್ತ್ರವನ್ನು ಓದುವ ತರುಣರು ಈ ಸೇವೆಯಲ್ಲಿ ನೆರವಾಗಲಿ. ಕೈಗಾರಿಕಾ ತರಬೇತಿ ಸಂಸ್ಥೆಗಳಲ್ಲಿ ಬೆಸುಗೆಯ ಪಾಠದ ಜೊತೆಗೆ ಬಿಲ್ಲು ಬರೆಯುವ ಪಾಠವೂ ನಡೆಯಲಿ. ಸಣ್ಣ ವರ್ತಕನು ಮೊದಲ ಸಲ ತಪ್ಪಿದಾಗ ನೋಟೀಸಿಗೆ ಮುಂಚೆ ಒಂದು ತಿಳಿವಳಿಕೆಯ ಪತ್ರವು ಹೋಗಲಿ. ಇದಕ್ಕೆ ಹೊಸ ಶಾಸನವೂ ಬೇಡ, ದೊಡ್ಡ ವೆಚ್ಚವೂ ಬೇಡ, ಬೇಕಾದುದು ಮನಸ್ಸು.

ಇದೇ ಜಿಲ್ಲೆಯ ಈಸೂರಿನ ಜನರು 1942ರಲ್ಲಿ ತಮ್ಮದಲ್ಲದ ಸರಕಾರಕ್ಕೆ ಕಂದಾಯ ಕೊಡೆವೆಂದು ಎದ್ದುನಿಂತರು. ಆ ಹೋರಾಟದಲ್ಲಿ ಐವರು ಗಲ್ಲಿಗೇರಿದರು. ಇಂದಿನ ಸರಕಾರವು ನಮ್ಮದು. ಅದಕ್ಕೆ ಸಲ್ಲತಕ್ಕ ತೆರಿಗೆಯನ್ನು ಸಲ್ಲಿಸುವುದು ಪ್ರಜೆಯ ಧರ್ಮವಾದರೆ, ಯಾವ ತೆರಿಗೆ, ಎಷ್ಟು, ಏಕೆ ಎಂಬುದನ್ನು ಅವನ ನುಡಿಯಲ್ಲಿ ಮುಂಚಿತವಾಗಿ ತಿಳಿಸುವುದು ಸರಕಾರದ ಧರ್ಮ. ಎರಡನೆಯದು ನೆರವೇರಿದಲ್ಲಿ ಮೊದಲನೆಯದಕ್ಕೆ ನೋಟೀಸಿನ ಅವಶ್ಯಕತೆಯು ವಿರಳವಾಗುವುದೆಂದು ನಾವು ನಂಬಿದ್ದೇವೆ.