ಹೊಗಳಿಕೆಯ ಹೊನ್ನಶೂಲ

ಆಟವನ್ನು ದೂಷಿಸಲು ನಾವು ಈ ಲೇಖನ ಬರೆಯುತ್ತಿಲ್ಲ. ಪ್ರವಾದಿ(ಸ)ರ ಮಸೀದಿಯಲ್ಲಿ ಅಬಿಸೀನಿಯದವರು ಭರ್ಜಿಯಾಟ ಆಡಿದಾಗ ಪ್ರವಾದಿ(ಸ)ರು ತಡೆಯಲಿಲ್ಲ. ಆಯಿಶಾ(ರ)ರಿಗೆ ಅದನ್ನು ತೋರಿಸಿದರು. ಆದ್ದರಿಂದ ನಮ್ಮ ತಕರಾರು ಫುಟ್‌ಬಾಲ್ ಆಡುವ ಕಾಲುಗಳ ಮೇಲಿಲ್ಲ. ಅದು ಟಿ.ವಿ.ಯಲ್ಲಿ ಆಟವನ್ನು ವಿವರಿಸುವ ನಾಲಿಗೆಯ ಮೇಲಿದೆ.

2022ರ ಡಿಸೆಂಬರ್ 18ರಂದು ಕತಾರ್‌ನಲ್ಲಿ ವಿಶ್ವಕಪ್ ಫೈನಲ್ ನಡೆಯಿತು. 3-3ರಲ್ಲಿ ಸಮವಾದ ಪಂದ್ಯವನ್ನು ಅರ್ಜೆಂಟೀನಾ ಪೆನಾಲ್ಟಿಯಲ್ಲಿ 4-2ರಿಂದ ಗೆದ್ದಿತು. ಅಂದು ರಾತ್ರಿ ಪೀಣ್ಯದ ಕಾರ್ಖಾನೆಗಳಲ್ಲಿ ಪಾಳಿ ಮುಗಿಸಿ ನಾಗಸಂದ್ರಕ್ಕೆ ಮರಳಿದವರೂ ಫೋನ್ ಹಿಡಿದು ಕುಳಿತಿದ್ದರು. ಮರುದಿನ ಮದ್ರಸಾದಲ್ಲಿ ಒಂಬತ್ತು ವರ್ಷದ ಬಾಲಕನೊಬ್ಬ ಪಕ್ಕದವನಿಗೆ, “ಮೆಸ್ಸಿ ಫುಟ್‌ಬಾಲ್ ದೇವರು ಕಣೋ, ಟಿ.ವಿ.ಯಲ್ಲೇ ಹೇಳಿದರು” ಎನ್ನುತ್ತಿದ್ದ. ಅಂದಿನ ಪಾಠ ಸೂರಃ ಅಲ್-ಇಖ್ಲಾಸ್ ಆಗಿತ್ತು. ನಾವು ಅವನನ್ನು ಗದರಲಿಲ್ಲ. ಮಗು ಕೇಳಿದ್ದನ್ನು ಹೇಳಿತ್ತು, ಅಷ್ಟೇ.

ಇದು ಕೇವಲ ಅತಿಶಯೋಕ್ತಿ, ಭಾಷೆಯ ಒಂದು ಅಲಂಕಾರ ಎಂದು ಕೆಲವರು ಸಮಾಧಾನ ಹೇಳುತ್ತಾರೆ. ಅತಿಶಯೋಕ್ತಿಯನ್ನು ನಾವೂ ಕನ್ನಡ ತರಗತಿಯಲ್ಲಿ ಓದಿದ್ದೇವೆ. ಹೇಳುವವನಿಗೂ ಕೇಳುವವನಿಗೂ ಅದು ಉತ್ಪ್ರೇಕ್ಷೆಯೆಂದು ತಿಳಿದಿದ್ದಾಗ ಮಾತ್ರ ಅದು ಅಲಂಕಾರ. ತೊಂಬತ್ತು ನಿಮಿಷವೂ ಪ್ರತಿ ಪಾಸ್‌ಗೆ ‘ಅದ್ಭುತ’, ಪ್ರತಿ ಗೋಲಿಗೆ ‘ಪವಾಡ’, ಪ್ರತಿ ತಾರೆಗೆ ‘ದೇವರು’ ಎನ್ನುವಲ್ಲಿ ಅಲಂಕಾರವೂ ಇಲ್ಲ, ಅರ್ಥವೂ ಇಲ್ಲ. ಪವಾಡವೆಂಬ ಪದವನ್ನು ಚೆಂಡಿಗೆ ಖರ್ಚು ಮಾಡಿದ ಮೇಲೆ ಮೂಸಾ(ಅ)ರಿಗಾಗಿ ಸಮುದ್ರ ಸೀಳಿದ್ದನ್ನು ಮಗುವಿಗೆ ಯಾವ ಪದದಿಂದ ಹೇಳೋಣ?

ಈ ದಾರಿ ಎಲ್ಲಿಗೆ ತಲುಪುತ್ತದೆಂಬುದನ್ನು ಜಗತ್ತು ಈಗಾಗಲೇ ಕಂಡಿದೆ. 1986ರ ವಿಶ್ವಕಪ್‌ನಲ್ಲಿ ಇಂಗ್ಲೆಂಡ್ ವಿರುದ್ಧ ಮರಡೋನಾ ಒಂದು ಗೋಲನ್ನು ಕೈಯಿಂದ ಹೊಡೆದರು. ರೆಫರಿಗೆ ಅದು ಕಾಣಲಿಲ್ಲ. ಆ ಮೋಸಕ್ಕೆ ಅಂಟಿದ ಹೆಸರು ‘ದೇವರ ಕೈ’. 1998ರಲ್ಲಿ ಅರ್ಜೆಂಟೀನಾದ ರೊಸಾರಿಯೊ ನಗರದಲ್ಲಿ ಅಭಿಮಾನಿಗಳು ಮರಡೋನಾ ಹೆಸರಿನಲ್ಲಿ ಚರ್ಚನ್ನೇ ಕಟ್ಟಿಕೊಂಡರು. ಅವರ ಜನ್ಮವರ್ಷವಾದ 1960ರಿಂದ ಕಾಲ ಎಣಿಸತೊಡಗಿದರು. ವಿನೋದಕ್ಕೆ ಆಡಿದ ಮಾತು ಆಚರಣೆಯಾಗಲು ಹೆಚ್ಚು ಕಾಲ ಬೇಕಾಗಲಿಲ್ಲ.

ಪ್ರವಾದಿ(ಸ)ರಿಗೆ ಅದ್ಬಾ ಎಂಬ ಒಂಟೆಯಿತ್ತು. ಅದನ್ನು ಓಟದಲ್ಲಿ ಯಾವ ಒಂಟೆಯೂ ಮೀರಿಸಿರಲಿಲ್ಲ. ಒಮ್ಮೆ ಮರುಭೂಮಿಯ ಅರಬನೊಬ್ಬನ ಎಳೆಯ ಒಂಟೆ ಅದನ್ನು ಹಿಂದಿಕ್ಕಿತು. ಸಹಾಬಿಗಳಿಗೆ ಬೇಸರವಾಯಿತು. ಲೋಕದಲ್ಲಿ ಮೇಲೇರಿದ ಪ್ರತಿಯೊಂದನ್ನೂ ಕೆಳಗಿಳಿಸುವುದು ಅಲ್ಲಾಹನ ಹಕ್ಕು ಎಂದು ಪ್ರವಾದಿ(ಸ)ರು ತಿಳಿಹೇಳಿದರೆಂದು ಬುಖಾರಿಯ ಹದೀಸ್‌ನಲ್ಲಿದೆ. ತಮ್ಮದೇ ಒಂಟೆಯ ಸೋಲಿಗೆ ಪ್ರವಾದಿವರ್ಯರು ನೀಡಿದ ವಿವರಣೆಯಿದು. ಎಲ್ಲ ವಿವರಣೆಗಾರರಿಗೂ ಇದರಲ್ಲಿ ಪಾಠವಿದೆ.

ಹೊಗಳಿಕೆ ಹೊಗಳಿಸಿಕೊಂಡವನಿಗೂ ಹಿತವಲ್ಲ. ಒಬ್ಬನನ್ನು ಮಿತಿಮೀರಿ ಹೊಗಳಿದವನಿಗೆ, ನೀನು ನಿನ್ನ ಗೆಳೆಯನ ಕತ್ತನ್ನೇ ಕೊಯ್ದೆ ಎಂದು ಪ್ರವಾದಿ(ಸ)ರು ಎಚ್ಚರಿಸಿದ್ದರು. ನಮ್ಮ ನಾಡಿನ ಬಸವಣ್ಣನವರೂ ಹೊಗಳಿಕೆಯನ್ನು ಹೊನ್ನಿನ ಶೂಲವಾಗಿಯೇ ಕಂಡರು. ಇಂದು ದೇವರೆಂದು ಏರಿಸಿದ ಆಟಗಾರ ನಾಳೆ ಒಂದು ಪೆನಾಲ್ಟಿ ತಪ್ಪಿಸಿದರೆ ಅವನ ತಾಯಿಯನ್ನೂ ಬಿಡದೆ ನಿಂದಿಸುವವರು ಅದೇ ಅಭಿಮಾನಿಗಳಲ್ಲವೇ?

ಹಾಗಾದರೆ ಪ್ರತಿಭೆಯನ್ನು ಮೆಚ್ಚಬಾರದೇ? ಖಂಡಿತ ಮೆಚ್ಚಬೇಕು, ಸತ್ಯದಿಂದ ಮೆಚ್ಚಬೇಕು. ನಮ್ಮ ಬೆಂಗಳೂರು ಎಫ್‌ಸಿಯ ಸುನಿಲ್ ಛೆಟ್ರಿ 2024ರ ಜೂನ್‌ನಲ್ಲಿ ಅಂತಾರಾಷ್ಟ್ರೀಯ ಆಟಕ್ಕೆ ಮೊದಲ ಬಾರಿ ವಿದಾಯ ಹೇಳಿದಾಗ 151 ಪಂದ್ಯಗಳಲ್ಲಿ 94 ಗೋಲು ಗಳಿಸಿದ್ದರು. ಈ ಎರಡು ಅಂಕಿಗಳೇ ಸಾಕಾದ ಪ್ರಶಂಸೆ. ಎರಡು ದಶಕಗಳ ಶಿಸ್ತಿನ ದುಡಿಮೆ ಅವುಗಳಲ್ಲಿದೆ. ‘ಮಾಂತ್ರಿಕ’ ಎಂದೊಡನೆ ಆ ಬೆವರೆಲ್ಲ ಮಾಯವಾಗುತ್ತದೆ.

ಬೆರಳನ್ನು ನಮ್ಮತ್ತಲೂ ತಿರುಗಿಸಿಕೊಳ್ಳೋಣ. ನಮ್ಮ ಸಮಾರಂಭಗಳ ಬ್ಯಾನರ್‌ಗಳಲ್ಲಿ ಉಸ್ತಾದರ, ನಾಯಕರ ಹೆಸರಿನ ಹಿಂದೆ ಎಷ್ಟು ಬಿರುದುಗಳಿವೆ? ಸ್ವಾಗತ ಭಾಷಣಗಳು ಯಾವ ವೀಕ್ಷಕ ವಿವರಣೆಗೆ ಕಡಿಮೆ? ಈಸಾ(ಅ)ರ ವಿಷಯದಲ್ಲಿ ಜನರು ಮಿತಿಮೀರಿದಂತೆ ತಮ್ಮ ವಿಷಯದಲ್ಲಿ ಮೀರಬಾರದು, ತಮ್ಮನ್ನು ಅಲ್ಲಾಹನ ದಾಸ ಮತ್ತು ಸಂದೇಶವಾಹಕ ಎಂದೇ ಕರೆಯಬೇಕು ಎಂದ ಪ್ರವಾದಿ(ಸ)ರ ಸಮುದಾಯ ನಾವು. ವೇದಿಕೆಯಲ್ಲಿ ಉತ್ಪ್ರೇಕ್ಷೆ ಕೇಳಿ ಬೆಳೆದ ಮಗುವಿಗೆ ಟಿ.ವಿ.ಯ ಉತ್ಪ್ರೇಕ್ಷೆ ಅಪರಿಚಿತವೆನಿಸುವುದಾದರೂ ಹೇಗೆ?

ಮಕ್ಕಳೊಂದಿಗೆ ಪಂದ್ಯ ನೋಡುವ ತಂದೆತಾಯಂದಿರಲ್ಲಿ ನಮ್ಮ ವಿನಂತಿ ಇಷ್ಟೇ. ವಿವರಣೆಗಾರ ‘ದೇವರು’ ಎಂದಾಗ ಸುಮ್ಮನಿರಬೇಡಿ. “ಚೆನ್ನಾಗಿ ಆಡಿದ ಮಗಾ, ಆ ಕಾಲುಗಳನ್ನು ಕೊಟ್ಟವನು ಅಲ್ಲಾಹನು” ಎಂದು ಒಂದು ಮಾತು ಸೇರಿಸಿ. ಅಷ್ಟರಿಂದ ಆಟದ ಸಂತೋಷ ಕುಂದುವುದಿಲ್ಲ, ತೌಹೀದ್ ಉಳಿಯುತ್ತದೆ. ನಮ್ಮ ನಾಲಿಗೆಗಳನ್ನು ಅಲ್ಲಾಹನು ಮಿತಿಯಲ್ಲಿರಿಸಲಿ. ಆಮೀನ್.