ಮಗು ಯಾರಿಗೆ ಹೆದರಿ ಬಚ್ಚಿಡುತ್ತಿದೆ?

ಕೋಲಾರದ ಮಂಡಿಯಲ್ಲಿ ಟೊಮೆಟೊ ಹರಾಜಿಗೆ ನಿಂತಿರುವ ಅಣ್ಣಂದಿರೇ, ಶ್ರೀನಿವಾಸಪುರದ ಮಾವಿನ ತೋಪುಗಳಲ್ಲಿ ದುಡಿಯುವ ಅಕ್ಕಂದಿರೇ, ಮಾಲೂರಿನಿಂದ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಹೋಗುವವರೇ, ಮುಳಬಾಗಿಲಿನ ಹೆದ್ದಾರಿ ಬದಿಯ ಅಂಗಡಿಯವರೇ, ನಿಮ್ಮ ಫೋನಿನಲ್ಲಿ ಕ್ರೋಮ್ ತೆರೆದು ಮೂಲೆಯ ಮೂರು ಚುಕ್ಕಿ ಒತ್ತಿ ನೋಡಿ. ಟೋಪಿ, ಕನ್ನಡಕದ ಗುರುತೊಂದು ಕಾಣುತ್ತದೆ. ಅದು ಇನ್‌ಕಾಗ್ನಿಟೊ. ನೀವು ಅದನ್ನು ಒಮ್ಮೆಯೂ ಒತ್ತಿರಲಿಕ್ಕಿಲ್ಲ. 2020ರಲ್ಲಿ ಶಾಲೆ ಮುಚ್ಚಿ ಪಾಠವೆಲ್ಲ ಫೋನಿಗೆ ಬಂದಾಗಿನಿಂದ ಮಕ್ಕಳಿಗೆ ಫೋನಿನ ಮೂಲೆಮೂಲೆಯೂ ಗೊತ್ತು.

ಆ ಗುರುತು ಒತ್ತಿ ಏನು ನೋಡಿದರೂ, ಮುಚ್ಚಿದ ಮೇಲೆ ಹಿಸ್ಟರಿಯಲ್ಲಿ ಸಿಗುವುದಿಲ್ಲ. ಅದರ ಕೆಲಸ ಇಷ್ಟೇ. ಡೌನ್‌ಲೋಡ್ ಮಾಡಿದ್ದು ಫೋನಿನಲ್ಲೇ ಉಳಿಯುತ್ತದೆ. ಮಗು ಯಾವ ತಾಣಕ್ಕೆ ಹೋಯಿತೆಂಬುದು ಆ ತಾಣಕ್ಕೆ ಗೊತ್ತು, ನೆಟ್ ಕೊಡುವ ಕಂಪನಿಗೂ ತಿಳಿಯಬಹುದು. ಇನ್‌ಕಾಗ್ನಿಟೊ ಬಳಸಿದವರ ಮಾಹಿತಿಯನ್ನೂ ಕಲೆಹಾಕಿದ್ದಾರೆಂದು 2020ರಲ್ಲಿ ಅಮೆರಿಕದಲ್ಲಿ ಕ್ರೋಮ್‌ನ ಒಡೆಯ ಗೂಗಲ್ ಮೇಲೆ ದಾವೆ ಹೂಡಿದರು. 2024ರಲ್ಲಿ ಹೊರಬಂದ ರಾಜಿ ಪತ್ರದಲ್ಲಿ ನೂರಾರು ಕೋಟಿ ದಾಖಲೆ ಅಳಿಸಲು ಕಂಪನಿ ಒಪ್ಪಿತ್ತು. ಹೊರಗಿನವರಿಗೆಲ್ಲ ಕಾಣುವ ಈ ಕಿಟಕಿ ಮುಚ್ಚಿರುವುದು ಹೆತ್ತವರಿಗೆ ಮಾತ್ರ.

ನಮಗೇ ಏಕೆ? ಮುಟ್ಟಿನ ಹೊಟ್ಟೆನೋವಿನ ಬಗ್ಗೆ ಹುಡುಗಿ ಯಾರನ್ನು ಕೇಳಬೇಕು? ಮೈಯಲ್ಲಾಗುವ ಬದಲಾವಣೆ ಕಂಡು ಗಾಬರಿಯಾದ ಹುಡುಗನಿಗೆ ಯಾರಿದ್ದಾರೆ? ಮನೆಮಾತು ಕನ್ನಡವಿರಲಿ, ತೆಲುಗಿರಲಿ, ಉರ್ದುವಿರಲಿ, ಇಂಥ ಪ್ರಶ್ನೆಗೆ ನಮ್ಮ ಉತ್ತರ ಒಂದೇ: ಬಾಯಿ ಮುಚ್ಚು. ಬಾಯಿ ಮುಚ್ಚಿದ ಮಗು ಫೋನು ತೆರೆಯಿತು. ಗುಟ್ಟಾಗಿ ನೋಡಿದ್ದೆಲ್ಲ ಕೆಟ್ಟದ್ದೇ ಎಂದು ತೀರ್ಪು ಕೊಡುವ ಮೊದಲು ಇದನ್ನು ಯೋಚಿಸಿ.

ನಿಜವಾದ ಅಪಾಯ ಇನ್ನೊಂದಿದೆ. ಗುರುತಿಲ್ಲದವನು ಸಲಿಗೆಯಿಂದ ಮಾತಾಡಿ ಒಂದು ಫೋಟೊ ತರಿಸಿಕೊಳ್ಳುತ್ತಾನೆ. ಆಮೇಲೆ ಒಂದೇ ಮಾತು: "ನಿಮ್ಮಪ್ಪನಿಗೆ ಕಳಿಸ್ತೀನಿ." ಆ ಬೆದರಿಕೆಗೆ ಬಲ ಕೊಟ್ಟವರು ನಾವು. ಗಂಡುಹುಡುಗನಿಗಾದರೆ ನಾಲ್ಕೇಟು ಬಿದ್ದು ಮುಗಿಯುತ್ತದೆ. ಹೆಣ್ಣುಮಗಳ ಫೋನು ಕಿತ್ತುಕೊಳ್ಳುತ್ತೇವೆ, ಕಾಲೇಜು ಬಿಡಿಸುತ್ತೇವೆ, ಹದಿನೆಂಟು ತುಂಬುವ ಮೊದಲೇ ಗಂಡು ನೋಡಲು ಹೊರಡುತ್ತೇವೆ. ತಪ್ಪು ಮಾಡಿದವನು ಎಲ್ಲೋ ಆರಾಮಾಗಿರುತ್ತಾನೆ, ಶಿಕ್ಷೆ ನಮ್ಮ ಮನೆಯಲ್ಲಿ ಜಾರಿಯಾಗುತ್ತದೆ. ಅದು ಆ ಮಗುವಿಗೆ ಮೊದಲೇ ಗೊತ್ತು. ಅದಕ್ಕೇ ಅವನು ಕೇಳಿದ್ದನ್ನೆಲ್ಲ ಕೊಡುತ್ತಾ ಹೋಗುತ್ತದೆ, ನಮಗೆ ಒಂದು ಮಾತೂ ಹೇಳದೆ. ಮರ್ಯಾದೆ ಹೋಗುತ್ತದೆ ಎನ್ನುವವರು ಕೇಳಿ: ಯಾರ ಮರ್ಯಾದೆಗೆ ಯಾರನ್ನು ಬಲಿ ಕೊಡುತ್ತಿದ್ದೀರಿ?

ಬೀಗ ಬೇಕೆಂದರೆ ಇದೆ. ಗೂಗಲ್‌ನ ಫ್ಯಾಮಿಲಿ ಲಿಂಕ್‌ನಲ್ಲಿ ಮಗುವಿನ ಹೆಸರಿಗೆ ಖಾತೆ ಮಾಡಿದರೆ ಕ್ರೋಮ್‌ನಲ್ಲಿ ಇನ್‌ಕಾಗ್ನಿಟೊ ತೆರೆಯುವುದಿಲ್ಲ. ನಮ್ಮ ನರಸಾಪುರದಲ್ಲೇ ಜೋಡಣೆಯಾಗುವ ಐಫೋನಿನಲ್ಲಿ ಸ್ಕ್ರೀನ್ ಟೈಮ್‌ಗೆ ಹೋಗಿ ವಯಸ್ಕರ ತಾಣಗಳಿಗೆ ತಡೆ ಹಾಕಿದರೆ ಸಫಾರಿಯ ಖಾಸಗಿ ಕಿಟಕಿ ಮಾಯವಾಗುತ್ತದೆ. ಚಿಕ್ಕ ಮಕ್ಕಳಿಗೆ ಹಾಕಿ, ಹಾಕಿದ್ದನ್ನು ಅವರಿಗೆ ಹೇಳಿ. ಆದರೆ ನಮ್ಮ ಎಷ್ಟೋ ಮನೆಗಳಲ್ಲಿ ಮಗು ಹಿಡಿಯುವುದು ಅಪ್ಪನ ಫೋನು, ಅಪ್ಪನ ಖಾತೆ. ಅದೂ ಬೇಡವೆಂದರೆ ಗೆಳೆಯನ ಫೋನಿದೆ. ಹೈಸ್ಕೂಲು ಹುಡುಗನನ್ನು ಬೀಗ ಹಾಕಿ ಕಾಯುತ್ತೇನೆ ಎನ್ನುವವರ ಧೈರ್ಯಕ್ಕೆ ನಾನಂತೂ ಬೆರಗಾಗುತ್ತೇನೆ.

ಇವತ್ತೇ ಮಗುವನ್ನು ಕೂರಿಸಿಕೊಂಡು ಹೇಳಿ: ಏನೇ ಆಗಿರಲಿ, ಯಾವ ಫೋಟೊ ಹೋಗಿರಲಿ, ನನ್ನ ಹತ್ತಿರ ಬಾ, ಹೊಡೆಯುವುದಿಲ್ಲ, ಓದು ಬಿಡಿಸುವುದಿಲ್ಲ. ಹೇಳಿದ ಮೇಲೆ ನಡೆದುಕೊಳ್ಳಿ. ಬೆದರಿಕೆ ಬಂದಿದ್ದರೆ ದುಡ್ಡು ಕೊಡಬೇಡಿ, ಚಾಟ್ ಅಳಿಸಬೇಡಿ. ಫೋಟೊವನ್ನು ನೆಂಟರ ಗ್ರೂಪಿಗೆ ಕಳಿಸುವುದಂತೂ ಅಪರಾಧವೇ. ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಅಥವಾ ಮಕ್ಕಳ ಸಹಾಯವಾಣಿ 1098ಕ್ಕೆ ಫೋನು ಮಾಡಿ. ಕೇಂದ್ರದ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಮಕ್ಕಳ ಮೇಲಿನ ಲೈಂಗಿಕ ಅಪರಾಧದ ದೂರನ್ನು ಹೆಸರು ಹೇಳದೆಯೂ ಕೊಡಬಹುದು. ಠಾಣೆ ಮೆಟ್ಟಿಲು ಹತ್ತಿಸಬೇಕಲ್ಲಾ ಎಂಬ ಅಳುಕು ಬೇಡ. ಮಕ್ಕಳನ್ನು ಲೈಂಗಿಕ ಅಪರಾಧದಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆಯಂತೆ ಮಗುವಿನ ಹೇಳಿಕೆಯನ್ನು ಮನೆಯಲ್ಲೇ ಪಡೆಯಬಹುದು, ಪೊಲೀಸರು ಸಮವಸ್ತ್ರದಲ್ಲಿ ಬರುವಂತಿಲ್ಲ, ರಾತ್ರಿ ಹೊತ್ತು ಮಗುವನ್ನು ಠಾಣೆಯಲ್ಲಿ ಇಟ್ಟುಕೊಳ್ಳುವಂತಿಲ್ಲ, ಮಾಧ್ಯಮದವರು ಗುರುತು ಬಯಲು ಮಾಡುವಂತಿಲ್ಲ.

ಗ್ರಾಮ ಪಂಚಾಯಿತಿಗಳ ಮಕ್ಕಳ ಗ್ರಾಮಸಭೆಯಲ್ಲಿ ಮಕ್ಕಳು ಶಾಲೆಗೆ ಶೌಚಾಲಯ ಬೇಕು, ಊರಿಗೆ ಬಸ್ಸು ಬೇಕು ಎಂದು ಕೇಳುತ್ತಾರೆ. ಕೋಲಾರ, ಶ್ರೀನಿವಾಸಪುರ, ಮಾಲೂರು, ಮುಳಬಾಗಿಲು ತಾಲ್ಲೂಕುಗಳ ಪಂಚಾಯಿತಿ ಅಧ್ಯಕ್ಷರೇ, ಪಿಡಿಒಗಳೇ, ಮುಂದಿನ ಸಭೆಯಲ್ಲಿ ಫೋನಿನ ಮಾತಿಗೂ ಒಂದು ಗಂಟೆ ಇಡಿ. ಮೈಕು ಮಕ್ಕಳ ಕೈಗೆ ಕೊಡಿ. ಅಪ್ಪ ಅಮ್ಮಂದಿರು ಒಂದು ದಿನದ ಕೂಲಿ ಬಿಟ್ಟಾದರೂ ಬಂದು ಹಿಂದಿನ ಸಾಲಿನಲ್ಲಿ ಕೂತು, ಅಡ್ಡಬಾಯಿ ಹಾಕದೆ ಕೇಳಿಸಿಕೊಳ್ಳಿ.